ಗುಡ್ಡಕ್ಕೆ ಮೂರು ದಾರಿ, ಒಂದು ಹೂಂ

ನಮ್ಮೂರ ಗುಡ್ಡಕ್ಕೆ ಮೂರು ದಾರಿ. ಮೂರನ್ನೂ ಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ. ಯಾರು, ಗಾದ್ರಪ್ಪನೇ? ಅವನ ಮಾತು ಕಟ್ಟಿಕೊಂಡರೆ ಕೆಟ್ಟಿರಿ ಎನ್ನುತ್ತಾರೆ. ಅದು ಹೊಟ್ಟೆಕಿಚ್ಚು. ಹೊರಗಿನವರು ಬಸ್ಸಿಳಿದ ಕೂಡಲೇ ಯಾವ ದಾರಿ ಒಳ್ಳೆಯದು ಎಂದು ವಿಚಾರಿಸುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮಗೆ ಪುರುಸೊತ್ತು ಇದೆಯೇ, ಕೆಮ್ಮು ಇದೆಯೇ, ಕಿವಿ ಇದೆಯೇ. ಪುರುಸೊತ್ತಿದ್ದವರು ಬಳಸುದಾರಿ ಹಿಡಿಯಲಿ. ಕೆಮ್ಮಿಲ್ಲದವರು ಮೂಕಮೆಟ್ಟಿಲು ಹತ್ತಲಿ. ಕಿವಿ ಇದ್ದವರು ನನ್ನ ಹಿಂದೆ ಬರಲಿ.

ಬಳಸುದಾರಿ ಗುಡ್ಡದ ಸೊಂಟಕ್ಕೆ ಉಡಿದಾರದ ಹಾಗೆ ಸುತ್ತಿಕೊಂಡಿದೆ. ಹೊರಡುವಾಗ ಕಟ್ಟಿಕೊಂಡ ಬುತ್ತಿ ತುದಿ ಮುಟ್ಟುವ ಹೊತ್ತಿಗೆ ಹಳಸಿರುತ್ತದೆ. ಅಲ್ಲಿ ಮಾತಾಡಬಹುದು, ಸುಮ್ಮನಿರಬಹುದು, ಜಗಳವಾಡಬಹುದು, ಗುಡ್ಡ ಕಿವಿಗೊಡುವುದಿಲ್ಲ. ಯಾವ ಅಪಾಯವೂ ಇಲ್ಲದ್ದರಿಂದ ಯಾರಿಗೂ ಅದರ ಮೇಲೆ ಗೌರವವಿಲ್ಲ. ಕತ್ತೆಗಳು ಮಾತ್ರ ಅದನ್ನು ಮನಸಾರೆ ಒಪ್ಪಿಕೊಂಡಿವೆ.

ಮೂಕಮೆಟ್ಟಿಲು ಪಡುವಣ ಮಗ್ಗುಲಲ್ಲಿ ಏಣಿ ನಿಲ್ಲಿಸಿದಂತೆ ನೆಟ್ಟಗಿದೆ. ಹಸಿವಾಗುವುದರೊಳಗೆ ತುದಿ ಸೇರಬಹುದು. ಆದರೆ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಸದ್ದು ಮಾಡುವಂತಿಲ್ಲ. ಮಾಡಿದರೆ ಮೇಲಿನಿಂದ ಬಂಡೆ ಹೊರಡುತ್ತದೆ. ಕೆಳಗಿನ ಮಂಟಪದಲ್ಲಿ ಬಂದವರಿಗೆಲ್ಲ ಒಂದೊಂದು ಚಿಟಿಕೆ ನಶ್ಯ ಕೊಟ್ಟು ಒಳಗಿದ್ದ ಸೀನುಗಳನ್ನೆಲ್ಲ ಖಾಲಿ ಮಾಡಿಸುತ್ತಾರೆ. ಹೆಂಗಸರ ಬಳೆಗಳಿಗೆ ದಾರ ಸುತ್ತುತ್ತಾರೆ. ಹೊಟ್ಟೆ ಗುಡುಗುಡು ಎನ್ನುವವರನ್ನು ವಾಪಸು ಕಳಿಸುತ್ತಾರೆ.

ಉಳಿದದ್ದು ಹೂಂದಾರಿ. ಅದು ನಮ್ಮ ಮನೆತನದ್ದು. ತೆಂಕಣ ಇಳುಕಲಿನಲ್ಲಿ ಸಡಿಲ ಕಲ್ಲುಗಳ ರಾಶಿಯ ಮೇಲೆ ಹಾದುಹೋಗುತ್ತದೆ. ಒಬ್ಬ ಕಥೆ ಹೇಳುತ್ತಿರಬೇಕು, ಕೇಳುವವನು ಹೂಂಗುಟ್ಟುತ್ತಿರಬೇಕು. ಅಷ್ಟು ಹೊತ್ತು ಆ ಕಲ್ಲುಗಳು ಗಾರೆ ಹಾಕಿದ ಹಾಗೆ ನಿಲ್ಲುತ್ತವೆ. ಕಥೆ ನಿಂತರೆ ಜಾರುತ್ತವೆ, ಹೂಂ ನಿಂತರೂ ಜಾರುತ್ತವೆ. ಬಾಯಿಮಾತಿನ ಹೂಂ ನಡೆಯುವುದಿಲ್ಲ. ಮುಂದೇನಾಯಿತು ಎಂಬ ಆಸೆ ಅದರೊಳಗಿರಬೇಕು. ಒಮ್ಮೆ ಕೇಳಿದ ಕಥೆಯನ್ನು ಗುಡ್ಡ ಎರಡನೆಯ ಸಲ ಕೇಳುವುದೂ ಇಲ್ಲ. ನಮ್ಮ ಮುತ್ತಾತ ನಿಜವನ್ನೇ ಹೇಳಿಕೊಂಡು ಹತ್ತುತ್ತಿದ್ದನಂತೆ. ಮೀಸೆ ಹಣ್ಣಾಗುವ ಮೊದಲೇ ಅವನ ನಿಜವೆಲ್ಲ ತೀರಿಹೋಯಿತು. ಅಂದಿನಿಂದ ನಮ್ಮ ಮನೆತನ ಸುಳ್ಳಿಗೆ ಕೈಹಾಕಿತು. ನಾನೊಬ್ಬ ಹೇಳಿದ ಕಥೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಪಕ್ಕದಲ್ಲಿ ಇನ್ನೊಂದು ಗುಡ್ಡ ಎದ್ದು ನಿಲ್ಲುತ್ತದೆ, ಇದಕ್ಕಿಂತ ಒಂದು ಮೊಳ ಎತ್ತರ.

ಇಷ್ಟೆಲ್ಲ ಪಾಡು ಪಟ್ಟು ಮೇಲೆ ಹೋಗಿ ನೋಡುವುದೇನು ಎಂದರೆ, ಬಂಡೆಯಲ್ಲಿ ಒಂದು ದೊಣೆ. ಸದಾ ನೀರಿರುತ್ತದೆ. ಕುಡಿದರೆ ಏನಾಗುತ್ತದೆ ಎಂದು ಯಾರೂ ಕೇಳಿಲ್ಲ. ಹತ್ತಿದವರಿಗೆ ಬಾಯಾರಿರುತ್ತದೆ, ಕುಡಿಯುತ್ತಾರೆ.

ನನ್ನ ಅಕ್ಕ ಸಣ್ಣೀರಮ್ಮನ ಹಾಗೆ ಹೂಂಗುಟ್ಟುವವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಅವಳ ಒಂದು ಹೂಂನಲ್ಲಿ ಅನುಮಾನ, ಇನ್ನೊಂದರಲ್ಲಿ ನಗು, ಮತ್ತೊಂದರಲ್ಲಿ 'ಬೇಗ ಹೇಳಿ ಸಾಯಿ' ಎನ್ನುವ ಅವಸರ. ಅವಳ ಹೂಂ ನೆಚ್ಚಿಕೊಂಡೇ ನಾನು ಎಳೆಯನಾಗಿದ್ದಾಗ ಈ ಕಸುಬು ಕಲಿತೆ. ಅಂಥವಳನ್ನು ತಂದು ಮೂಕಮೆಟ್ಟಿಲಿನ ಮುಕ್ಕಣ್ಣನಿಗೆ ಕೊಟ್ಟರು. ಮೆಟ್ಟಿಲು ಕಾಯುವವರ ಕೇರಿಯೇ ಬೇರೆ. ಅಲ್ಲಿ ನಾಯಿ ಸಾಕುವುದಿಲ್ಲ. ಒನಕೆಯ ತುದಿಗೆ ಬಟ್ಟೆ ಸುತ್ತುತ್ತಾರೆ. ಕಿರ್ ಎನ್ನುತ್ತದೆಂದು ಯಾವ ಮನೆಗೂ ಬಾಗಿಲು ಇಡಿಸಿಲ್ಲ, ಹೊಸ್ತಿಲ ಮೇಲೆ ಒಂದೊಂದು ಕಂಬಳಿ ಇಳಿಬಿಟ್ಟಿರುತ್ತಾರೆ. ಆ ಕೇರಿಯಲ್ಲೂ ಮುಕ್ಕಣ್ಣನನ್ನು ಮಾತು ಕಡಿಮೆಯವನು ಎಂದು ಆಡಿಕೊಳ್ಳುತ್ತಿದ್ದರು. ಮದುವೆಯಾದ ಮೇಲೆ ಅವನು ನನ್ನನ್ನು ಮನೆಗೆ ಬಾ ಎಂದು ಬಾಯಿಬಿಟ್ಟು ಕರೆಯಲಿಲ್ಲ. ಕರೆಯದ ಮನೆಗೆ ಹೋಗುವ ಜಾತಿ ನನ್ನದಲ್ಲ. ಅವನು ಕರೆಯಲಿಲ್ಲ, ನಾನು ಹೋಗಲಿಲ್ಲ, ಹೀಗೇ ವರ್ಷಗಳು ಕಳೆದವು. ಅಕ್ಕ ಹಬ್ಬಕ್ಕೆ ಕಳಿಸುತ್ತಿದ್ದ ಹೋಳಿಗೆಯನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆ. ಹೋಳಿಗೆಯ ಮೇಲೆ ನನಗೆ ಸಿಟ್ಟಿರಲಿಲ್ಲ.

ಹೀಗಿರುತ್ತ ಒಂದು ದಿನ ಬೆಳಗ್ಗೆ ಪಡುವಣ ಮಗ್ಗುಲಲ್ಲಿ ಬಂಡೆ ಉರುಳಿದ ಸದ್ದಾಯಿತು. ಊರಿಗೆ ಊರೇ ಕೈಲಿದ್ದ ಕೆಲಸ ಬಿಟ್ಟು ತಲೆಯೆತ್ತಿತು. ಯಾತ್ರೆಯವರು ಬರುವ ಕಾಲವಲ್ಲ. ಮೆಟ್ಟಿಲಲ್ಲಿ ಇದ್ದವನು ಮುಕ್ಕಣ್ಣನೊಬ್ಬನೇ. ದೊಣೆಯ ಪಾಚಿ ತೆಗೆಯಲು ಹೋಗಿದ್ದ. ಅವನ ಬಾಯಿಂದ ಸದ್ದು ಬಂತೆಂದರೆ ಬಾವಿಕಟ್ಟೆ ಎದ್ದು ಕುಣಿಯಿತು ಎಂದಂತೆ, ಯಾರೂ ನಂಬಲಿಲ್ಲ. ಅಕ್ಕ ಮಾತ್ರ ಯಾರಿಗೂ ಹೇಳದೆ ಹತ್ತಿಹೋಗಿ ನೋಡಿ ಬಂದಳು. ಬಂದವಳು ನೇರ ನನ್ನ ಜಗುಲಿಗೇ ಬಂದಳು. ಅವಳ ಸೀರೆಯ ಸೆರಗು ಅರ್ಧ ಇರಲಿಲ್ಲ.

"ಗಾದ್ರಿ, ನಿಮ್ಮ ಭಾವ ಬಿದ್ದಾನೆ. ಮೊಣಕಾಲ ಕೆಳಗೆ ಮುರಿದೈತೆ, ಮೂಳೆ ಹೊರಗೆ ಬಂದೈತೆ. ಹೆಂಗೋ ತೆವಳ್ಕೊಂಡು ದೊಣೆ ಹತ್ರ ಸೇರ್ಕೊಂಡಾನೆ."

"ಎಚ್ಚರ ಐತಾ?"

"ಐತೆ. ರಕ್ತ ನಿಲ್ತಾ ಇಲ್ಲ. ಸೆರಗು ಹರಿದು ಕಟ್ಟಿ ಬಂದೆ."

ಮೂಳೆ ಕೂಡಿಸುವ ಬೊಮ್ಮಕ್ಕನನ್ನು ಕರೆದರು. ಅವಳು ನಮ್ಮೂರಿನ ಅರ್ಧ ಜನರ ಕೈಕಾಲು ಕೂಡಿಸಿದವಳು, ಆದರೆ ಅವಳ ಸ್ವಂತ ಮಂಡಿಗಳು ಹೋಗಿ ಬಹಳ ಕಾಲವಾಗಿತ್ತು. "ನನ್ನ ಮೇಲಕ್ಕೆ ಹೊರೋದಕ್ಕಿಂತ ಅವನ್ನ ಕೆಳಕ್ಕೆ ತರೋದು ಹಗುರ," ಎಂದಳು. "ದೀಪ ಹಚ್ಚೋದರೊಳಗೆ ನನ್ನ ಕೈಗೆ ಕೊಡ್ರಿ. ತಡ ಆದ್ರೆ ಕಾಲು ಉಳಿಯಲ್ಲ. ಇನ್ನೂ ತಡ ಆದ್ರೆ ಅವನೂ ಉಳಿಯಲ್ಲ."

ಯಾವ ದಾರಿ ಎಂಬ ಮಾತು ಆಗ ಎದ್ದಿತು. ಬಸ್ಸಿಳಿದವರು ಎಷ್ಟೋ ಸಲ ಕೇಳಿದ್ದ ಅದೇ ಪ್ರಶ್ನೆ. ಕತ್ತೆ ಕಾಯುವವನು ಬಳಸುದಾರಿ ಎಂದ, ಕತ್ತೆಯ ಮೇಲೆ ಮಲಗಿಸಿ ನಾಳೆ ಸಂಜೆಯೊಳಗೆ ತಂದುಬಿಡುತ್ತೇನೆ ಎಂದ. ಅಕ್ಕ ಅವನನ್ನು ನೋಡಿದಳು, ಅವನು ಕತ್ತೆಯ ಹಿಂದೆ ಸರಿದ. ಮೆಟ್ಟಿಲ ಕೇರಿಯ ಹಿರಿಯನೊಬ್ಬ ಕೈಸನ್ನೆಯಲ್ಲೇ, ಬಾಯಿಗೆ ಬಟ್ಟೆ ತುರುಕಿ ಮೆಟ್ಟಿಲಲ್ಲೇ ಇಳಿಸೋಣ ಎಂದ.

"ನರಳ್ತಾ ಇದಾನೆ ಮಾವ," ಎಂದಳು ಅಕ್ಕ. "ಬಾಯಿ ಕಟ್ಟಿದ್ರೆ ಮೂಗಲ್ಲಿ ನರಳ್ತಾನೆ. ಅರ್ಧ ದಾರಿಗೆ ಬಂಡೆ ಬರ್ತೈತೆ. ಅವನೂ ಹೋಗ್ತಾನೆ, ಹೊತ್ತೋರೂ ಹೋಗ್ತಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೂಂದಾರಿಯಲ್ಲಿ ಇದುವರೆಗೆ ಯಾರೂ ಯಾರನ್ನೂ ಹೊತ್ತುಕೊಂಡು ಇಳಿದಿಲ್ಲ. ಅಲ್ಲಿ ನಡೆಯುವವರಲ್ಲಿ ಒಬ್ಬನ ಗಮನ ತಪ್ಪಿದರೂ ಎಲ್ಲರ ಕಾಲಡಿಯ ಕಲ್ಲು ಹೋಗುತ್ತದೆ. ಹೆಗಲ ಮೇಲೆ ಭಾರ, ಕಾಲಡಿಯಲ್ಲಿ ಸಡಿಲ ಕಲ್ಲು, ಅದರ ಜೊತೆಗೆ ನನ್ನ ಕಥೆಯನ್ನು ಮನಸ್ಸಿಟ್ಟು ಕೇಳುವುದು ಎಂದರೆ ಊರಲ್ಲಿ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಮೊದಲ ಎರಡಕ್ಕೆ ಒಪ್ಪಿದವರಿದ್ದರು.

"ಹಿಂದಿನ ತುದಿ ನಾನು ಹೊರ್ತೀನಿ," ಎಂದಳು ಅಕ್ಕ. "ಕಥೆ ಐತೇನೋ?"

"ಐತಾ ಅಂತ ಕೇಳ್ತೀಯಾ? ಏಳು ಗುಡ್ಡಕ್ಕಾಗೋಷ್ಟು ಐತೆ."

ಹೊಸದು ಎನ್ನುವುದು ನನ್ನ ತಲೆಯಲ್ಲಿ ಆವತ್ತು ಒಂದೇ ಒಂದಿತ್ತು. ಅದನ್ನು ಹತ್ತುವಾಗಲೇ ಖರ್ಚು ಮಾಡಿದರೆ ಇಳಿಯುವಾಗ ಏನು ಮಾಡುವುದು? ಆದ್ದರಿಂದ ನಾವು ಮೂಕಮೆಟ್ಟಿಲಿನಲ್ಲಿ ಹತ್ತುವುದೆಂದಾಯಿತು. ನಾನು, ಮೂಕಮೆಟ್ಟಿಲಿನಲ್ಲಿ. ಸುದ್ದಿ ಕೇಳಿ ಬೊಮ್ಮಕ್ಕ, "ಹಂಗಾದ್ರೆ ಮೂರು ಜನಕ್ಕಾಗೋಷ್ಟು ಪಟ್ಟಿ ಕುದಿಸ್ತೀನಿ," ಎಂದಳು.

ಅಕ್ಕ ತನ್ನ ಮನೆಗೆ ಹೋಗಿ ಹೊಸ್ತಿಲ ಮೇಲಿನ ಕಂಬಳಿಯನ್ನೇ ಕಿತ್ತು ತಂದಳು, ಜೋಲಿ ಕಟ್ಟಲು. ಒಂದು ಬಿದಿರ ಗಳುವಿನ ಎರಡೂ ತುದಿಗೆ ಚಿಂದಿ ಸುತ್ತಿದಳು. ಮಂಟಪದಲ್ಲಿ ನಶ್ಯ ಏರಿಸಿ ನಾನು ಸೀನಿದ ಸೀನಿಗೆ ಮೂರು ಊರಾಚೆ ದನಗಳು ಹಗ್ಗ ಕಿತ್ತುಕೊಂಡವು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಕ್ಕ ನನ್ನ ಬಾಯಿಗೆ ನಿಂಬೆಗಾತ್ರದ ಬೆಲ್ಲದ ಉಂಡೆ ತುರುಕಿದಳು. "ಕರಗೋವರೆಗೂ ಬಾಯಿ ತೆಗೀಬೇಡ. ಕರಗಿದ ಮೇಲೂ ತೆಗೀಬೇಡ."

ಹತ್ತಿದೆವು. ಮಾತಿಲ್ಲದೆ ಹತ್ತುವಾಗ ಮೈಯೆಲ್ಲ ಕಿವಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೊಣಕಾಲು ಲಟಕ್ ಎನ್ನುವುದು ಕೇಳಿಸಿತು. ಗಂಟಲಲ್ಲಿ ಬೆಲ್ಲದ ನೀರು ಇಳಿಯುವುದು ಕೇಳಿಸಿತು. ತಲೆಯ ಮೇಲೆ ಬಂಡೆಗಳು ಆನೆಗಳಂತೆ ಕೂತಿದ್ದವು, ಒಂದೊಂದೂ ನನ್ನನ್ನೇ ನೋಡುತ್ತಿತ್ತು. ಅರ್ಧ ಕಳೆದ ಮೇಲೆ ಗಳುವಿನ ಹಿಂದಿನ ತುದಿಯ ಚಿಂದಿ ಜಾರಿ ಬಿತ್ತು. ತಿರುವಿನಲ್ಲಿ ಬಿದಿರು ಬಂಡೆಗೆ ಬಡಿಯುವುದರಲ್ಲಿತ್ತು. ಅಕ್ಕ ನಡುವೆ ತನ್ನ ಅಂಗೈ ಕೊಟ್ಟಳು. ಬಿದಿರಿಗೂ ಕಲ್ಲಿಗೂ ನಡುವೆ ಅವಳ ಕೈ ಸಿಕ್ಕಿಕೊಂಡದ್ದನ್ನು ನೋಡಿದೆ. ಬೆರಳ ಗೆಣ್ಣಿನ ಚರ್ಮ ಸುಲಿದು ರಕ್ತ ಬಂತು. ಅವಳ ತುಟಿ ಅಲುಗಲಿಲ್ಲ. 'ಅಕ್ಕಾ' ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಬೆಲ್ಲದ ಜೊತೆ ನುಂಗಿದೆ. ಜೀವಮಾನದಲ್ಲಿ ನಾನು ನುಂಗಿದ ಮೊದಲ ಮಾತು ಅದು. ಈಗಲೂ ಎಲ್ಲೋ ಪಕ್ಕೆಯಲ್ಲಿ ಸಿಕ್ಕಿಕೊಂಡಿರಬೇಕು, ಮೋಡ ಕವಿದರೆ ನೋಯುತ್ತದೆ.

ತುದಿಗೆ ಸ್ವಲ್ಪ ಮೊದಲು ಸೀಳುಗಲ್ಲು ಎಂಬ ಜಾಗವಿದೆ. ಅಲ್ಲಿ ಮೆಟ್ಟಿಲ ಮೇಲೆ ಹೊಸ ಬಂಡೆ ಒಡೆದ ಚೂರುಗಳು, ಅಲ್ಲಿಂದ ಮೇಲಕ್ಕೆ ತೆವಳಿದ ರಕ್ತದ ಗುರುತು. ಬಿಚ್ಚಿದ ಬುತ್ತಿಯೊಂದು ಪಕ್ಕದಲ್ಲಿತ್ತು. ಇರುವೆಗಳು ಮುತ್ತಿದ್ದವು.

ಮುಕ್ಕಣ್ಣ ದೊಣೆಯ ಪಕ್ಕ ಬಿದ್ದಿದ್ದ. ಮುಖ ಒಲೆಯ ಬೂದಿಯಂತಾಗಿತ್ತು. ಮೇಲೆ ಮಾತಿಗೆ ಅಡ್ಡಿಯಿಲ್ಲ, ಆದರೂ ಅವನು ಹಲ್ಲುಕಚ್ಚಿಯೇ ನರಳುತ್ತಿದ್ದ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದ.

"ಬಂದ್ಯಾ," ಎಂದ.

"ಕರೀದೆ ಬಂದೀನಿ," ಎಂದೆ.

"ಮಾತೆಲ್ಲ ಆಮೇಲೆ," ಎಂದಳು ಅಕ್ಕ. "ಹೊತ್ತು ನೋಡು."

ಹೊತ್ತು ಆಗಲೇ ವಾಲಿತ್ತು. ಕಂಬಳಿಯನ್ನು ಗಳುವಿಗೆ ಕಟ್ಟಿ ಅವನನ್ನು ಮಲಗಿಸಿ ಎತ್ತಿದೆವು. ಮುಂದಿನ ತುದಿ ನನ್ನ ಹೆಗಲಿಗೆ, ಹಿಂದಿನದು ಅಕ್ಕನ ಹೆಗಲಿಗೆ. ಹೂಂದಾರಿಯ ಮೊದಲ ಕಲ್ಲಿಗೆ ಕಾಲಿಡುವ ಮೊದಲೇ ಕಥೆ ಶುರು ಮಾಡಿದೆ.

"ನಮ್ಮ ತಾತ ಒಂದು ಸಲ ಈ ಗುಡ್ಡವನ್ನೇ ಮಾರಿಬಿಟ್ಟಿದ್ದ."

"ಹೂಂ," ಎಂದಳು ಅಕ್ಕ. ಕಲ್ಲು ಗಟ್ಟಿಯಾಯಿತು. ಕಾಲಿಟ್ಟೆ.

"ಕೊಂಡೋನು ಘಟ್ಟದ ಕೆಳಗಿನ ಸಾಹುಕಾರ. ಒಯ್ಯೋಕೆ ಎತ್ತಿನ ಗಾಡಿ ತಂದಿದ್ದ. ಒಂದಲ್ಲ, ಊರ ಬಾಗಿಲಿಂದ ಹೊಳೇವರೆಗೂ ಗಾಡಿ."

"ಹೂಂ."

"ಎತ್ತಿ ಹಾಕಯ್ಯ ಅಂದ ಸಾಹುಕಾರ. ತಾತ ಹೇಳಿದ, ಮಾರೋದು ನನ್ನ ಕೆಲಸ, ಎತ್ತೋದು ನಿಂದು. ನೀನು ಹಗ್ಗ ಕಟ್ಟು, ಬೇಕಾದ್ರೆ ಹಿಂದಿಂದ ನಾನೂ ಒಂದು ಕೈ ಕೊಡ್ತೀನಿ."

"ಹೂಂ." ಇದರಲ್ಲಿ ಹಳೆಯ ನಗು ಇತ್ತು. ಹೆಜ್ಜೆ ಹಗುರವಾಯಿತು. ಎಷ್ಟೋ ವರ್ಷಗಳ ಮೇಲೆ ಅವಳ ಹೂಂ ನನ್ನ ಬೆನ್ನ ಹಿಂದೆ ಬರುತ್ತಿತ್ತು. ಸಾಹುಕಾರನಿಂದ ಹಗ್ಗ ಹೊಸೆಸಿದೆ, ಆ ಹಗ್ಗಕ್ಕೆ ನಾರು ಸಾಲದೆ ಸುತ್ತಲ ಸೀಮೆಯ ಗಂಡಸರ ಉಡಿದಾರ ಕಿತ್ತಿಸಿದೆ, ಎತ್ತುಗಳು ಎಳೆದ ರಭಸಕ್ಕೆ ಗುಡ್ಡವನ್ನು ಒಂದು ಗೇಣು ಸರಿಸಿದೆ. ಸರಿದ ಗುಡ್ಡ ಊರಿನ ಬಾವಿಯ ಮೇಲೆ ಕೂತುಬಿಟ್ಟಿತು, ಆ ಬಾವಿಯ ನೀರೇ ದಾರಿ ಕಾಣದೆ ಮೇಲೆ ಬಂದು ದೊಣೆಯಾಯಿತು ಎಂದೆ.

ಹೂಂ ಬಂತು. ಕಲ್ಲು ಜಾರಿತು.

ನನ್ನ ಬಲಗಾಲು ಮಂಡಿಯವರೆಗೆ ಕೆಳಗಿಳಿಯಿತು. ಗಳು ವಾಲಿ ಮುಕ್ಕಣ್ಣ ಒಮ್ಮೆ ಚೀರಿದ. ಕೆಳಗೆ, ತುಂಬ ಕೆಳಗೆ, ಜಾರಿದ ಕಲ್ಲುಗಳು ಕಮರಿಗೆ ಬೀಳುವ ಸದ್ದು ಕೇಳಿಸಿತು.

"ಅಕ್ಕಾ, ಹೂಂ ಅನ್ನೇ."

"ಅಂದೆನಲ್ಲೋ."

"ಅಂದೆ. ಕಥೆ ಕೇಳಲಿಲ್ಲ ನೀನು."

"ಹೆಂಗೋ ಕೇಳಲಿ," ಎಂದಳು. "ಅವನ ಕೈ ತಣ್ಣಗಾಗ್ತಾ ಐತೆ. ನೀನು ಸಾಹುಕಾರ ಅಂತೀಯಾ, ಎತ್ತು ಅಂತೀಯಾ. ನಂಗೆ ಯಾವ ಎತ್ತು ಬೇಕಾಗೈತೋ."

ಅವಳು ನನ್ನ ಕಥೆಯ ಬಗ್ಗೆ ಹಾಗೆ ಅಂದದ್ದು ಅದೇ ಮೊದಲು. ಕಾಲಡಿಯಲ್ಲಿ ಮತ್ತೊಂದು ಕಲ್ಲು ಅಲುಗಿತು. ಇದ್ದದ್ದು ಅದೊಂದೇ ಹೊಸ ಕಥೆ, ಅದೂ ಹೋಯಿತು. ಅವಳಿಗೆ ಬೇಕಾದವನು ಜೋಲಿಯಲ್ಲಿ ಮಲಗಿದ್ದ. ಬಾಯಿಗೆ ಬಂದದ್ದನ್ನು ಹೇಳಿದೆ.

"ಒಬ್ಬ ಮಾತಾಡದ ಗಂಡಸು ಇದ್ದ."

ಅಕ್ಕ ಹೆಗಲ ಮೇಲಿನ ಗಳು ಸರಿಮಾಡಿಕೊಂಡಳು. ಆಮೇಲೆ, "ಹೂಂ," ಎಂದಳು. ಕಲ್ಲು ನಿಂತಿತು. ಕಾಲು ಕಿತ್ತುಕೊಂಡೆ.

"ಅವನು ಎಂಥ ಮೌನಿ ಅಂದ್ರೆ, ಅವನು ಪಕ್ಕದಲ್ಲಿ ಹಾದುಹೋದ್ರೆ ನಗಾರಿ ನಾಚ್ಕೊಂಡು ಸುಮ್ಮನಾಗ್ತಿತ್ತು. ಬಂಡೆ ನಿದ್ದೆ ಕೆಡಬಾರದು ಅಂತ ನೆರಳನ್ನೂ ಮಡಚಿ ಕಂಕುಳಲ್ಲಿ ಇಟ್ಕೊಂಡು ಹತ್ತುತಿದ್ದ."

"ಹೂಂ."

"ಅಂಥೋನು ಮದುವೆ ಆದ. ಮದುವೆ ಗದ್ದಲದಲ್ಲಿ, ಆ ವಾಲಗದ ಮಧ್ಯೆ, ಹೆಣ್ಣಿಗೆ ಒಂದೇ ಒಂದು ಮಾತು ಹೇಳಿದ."

"ಎರಡು," ಎಂದಿತು ಕಂಬಳಿ.

ನಾನು ನಿಂತೆ. ಕಲ್ಲುಗಳು ಚಪ್ಪಡಿ ಹಾಸಿದಷ್ಟು ಗಟ್ಟಿಯಾಗಿದ್ದವು.

"ಏನೇನು ಹೇಳಿದ್ದೆ?" ಎಂದಳು ಅಕ್ಕ. ವಾಲಗದ ಸದ್ದಿನಲ್ಲಿ ಅವಳಿಗೂ ಅದು ಕೇಳಿಸಿರಲಿಲ್ಲ.

"ಮೊದಲನೇದು, ಜರುಗು," ಎಂದ ಮುಕ್ಕಣ್ಣ. ಉಸಿರು ಎಳೆದುಕೊಂಡ. "ಎರಡನೇದು, ಸ್ವಲ್ಪ."

ಅಕ್ಕ ನಕ್ಕಳೋ ಅತ್ತಳೋ ಬೆನ್ನು ತಿರುಗಿದ್ದ ನನಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ನಾನು ಅವನನ್ನು ಎಷ್ಟು ದೊಡ್ಡವನನ್ನಾಗಿ ಮಾಡಿದೆನೆಂದರೆ ನಾಲ್ಕು ಪುರಾಣಕ್ಕೆ ಸಾಕು. ಹುಲಿಯ ಬಾಯಿಂದ ಗರ್ಜನೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ ಎಂದೆ. ಹುಲಿ ಕಂಡಿಲ್ಲ, ನರಿ ಅಷ್ಟೇ, ಎಂದ ಕಂಬಳಿಯೊಳಗಿಂದ. ಬೀಳುವ ಬಂಡೆಯನ್ನು ಒಂದು ಬೆರಳಲ್ಲಿ ತಡೆದ ಎಂದೆ. ಎರಡೂ ಕೈ, ಆಮೇಲೆ ಒಂದು ತಿಂಗಳು ನೋವಿತ್ತು, ಎಂದ. ಅವನು ತಿದ್ದಿದಷ್ಟೂ ಅಕ್ಕ ಹೂಂ ಎನ್ನುತ್ತಿದ್ದಳು. ಗಂಡನ ವಿಷಯ ಅವಳಿಗೂ ಹೊಸದೇ.

ಆದರೆ ಭಾರ ಹೊತ್ತು, ಇಳಿದು, ಬಿಡದೆ ಮಾತಾಡಿ ನನ್ನ ಗಂಟಲು, ಸಂತೆಯನ್ನೇ ನುಂಗಿ ತೇಗಬಲ್ಲ ಆ ಗಂಟಲು, ಒಣಗಿತು. ಕೆಮ್ಮು ಬಂತು. ಒಂದು ಮಾತು ಹೊರಬರಲಿಲ್ಲ, ಇನ್ನೊಂದೂ ಬರಲಿಲ್ಲ. ಎದುರಿಗೆ ದಾರಿಯ ಒಂದು ತುಂಡು ಸದ್ದಿಲ್ಲದೆ ಎದ್ದು, ಚಾಪೆ ಎಳೆದಂತೆ ಕಮರಿಗೆ ಹೋಯಿತು. ಆಮೇಲೆ ನಾವು ನಿಂತ ಕಲ್ಲುಗಳು ಸಣ್ಣಗೆ ಕಟಕಟ ಎನ್ನತೊಡಗಿದವು. ಅಕ್ಕ, "ಗಾದ್ರಿ, ಗಾದ್ರಿ," ಎಂದಳು. ನಾನು ಬಾಯಿ ತೆರೆದೆ, ಗಾಳಿ ಬಂತು.

"ನಕ್ಕುಬಿಟ್ಟೆ," ಎಂದ ಮುಕ್ಕಣ್ಣ.

ಕಟಕಟ ನಿಂತಿತು.

"ಮೆಟ್ಟಿಲ ಮೇಲೆ. ಅದಕ್ಕೇ ಬಂಡೆ ಬಂತು."

"ಹೂಂ," ಎಂದಿತು ಒಂದು ದನಿ. ಒಡೆದ ಗಡಿಗೆಯಂಥ ದನಿ. ಅದು ನನ್ನದು. ಹುಟ್ಟಿದಂದಿನಿಂದ ನಾನು ಯಾರಿಗೂ ಹೂಂ ಅಂದವನಲ್ಲ. ಅದಕ್ಕೆ ಗಂಟಲು ಅಷ್ಟೊಂದು ಬೇಕಾಗುವುದಿಲ್ಲ ಎಂಬುದೂ ನನಗೆ ತಿಳಿದಿರಲಿಲ್ಲ. ದಾರಿ ಹೋದ ಕಡೆ ಬಂಡೆಗೆ ಒರಗಿ ಅಡ್ಡಡ್ಡ ಹೆಜ್ಜೆ ಇಟ್ಟೆ. ಕಲ್ಲು ತಡೆಯಿತು.

"ಸೀಳುಗಲ್ಲಲ್ಲಿ," ಎಂದ ಅವನು. ಒಂದೊಂದು ಮಾತಿಗೂ ನಡುವೆ ನೋವು ನುಂಗುತ್ತಿದ್ದ. "ಅಲ್ಲಿ ನಮ್ಮ ಮೆಟ್ಟಿಲಿಗೂ ನಿನ್ನ ದಾರಿಗೂ ನಡುವೆ ಗೋಡೆಯಷ್ಟು ದಪ್ಪದ ಬಂಡೆ. ಅತ್ಲಾಗೆ ಮಾತಾಡಿದ್ರೆ ಇತ್ಲಾಗೆ ಕೇಳ್ತೈತೆ."

"ಹೂಂ."

"ನಾನು ಬುತ್ತಿ ಬಿಚ್ಚೋದು ಅಲ್ಲೇ. ನೀನು ಯಾತ್ರೆಯವರನ್ನ ಕರ್ಕೊಂಡು ಬರೋ ಹೊತ್ತು ನೋಡ್ಕೊಂಡು ಬಿಚ್ತೀನಿ."

ಇದಕ್ಕೆ ನನಗೆ ತಕ್ಷಣ ಹೂಂ ಎನ್ನಲಾಗಲಿಲ್ಲ. ಅಕ್ಕನೇ ಹಿಂದಿನಿಂದ ಅಂದಳು.

"ಎಷ್ಟು ವರ್ಸದಿಂದ?" ಎಂದು ಹೇಗೋ ಕೇಳಿದೆ.

"ಮದುವೆ ಆದಾಗಿಂದ. ಇವಳು ಮನೇಲಿ ಹೇಳ್ತಿದ್ಲು, ನಮ್ಮ ಗಾದ್ರಿ ಹಂಗೆ ಹೇಳ್ತಾನೆ ಹಿಂಗೆ ಹೇಳ್ತಾನೆ ಅಂತ. ಕೇಳೋಣ ಅಂತ ಕೂತೆ." ಕಂಬಳಿಯ ಅಂಚು ಬಿಗಿಹಿಡಿದು, "ಇವತ್ತು ನೀನು ಇರಲಿಲ್ಲ. ಬುತ್ತಿ ಬಿಚ್ಚಿದೆ. ನಿನ್ನ ಒಂದು ಹಳೇ ಕಥೆ ನೆನಪಾಯ್ತು," ಎಂದ.

"ಯಾವ ಕಥೆ?" ಎಂದಳು ಅಕ್ಕ.

"ಅದೇ, ಇವನು ಹೇಳಿದ್ನಲ್ಲ, ಒಂದು..."

"ಭಾವ, ಬೇಡ," ಎಂದೆ. ಗಂಟಲು ಸೀಳಿದಂತಾಯಿತು. "ಹೇಳಬೇಡ. ಗುಡ್ಡ ಅದನ್ನ ಕೇಳಿಬಿಟ್ಟೈತೆ. ನೀನು ಶುರು ಮಾಡಿದ್ರೆ ಮೂವರೂ ಕೆಳಗೆ."

ನನ್ನ ಅವಸ್ಥೆಯನ್ನು ಯೋಚಿಸಿ ನೋಡಿ. ಕಥೆ ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನ. ಕೇಳಿದವರು ನಕ್ಕಿರಬಹುದು, ಅತ್ತಿರಬಹುದು. ಬಂಡೆಗೂ ಹೆದರದ ಮೌನಿಯೊಬ್ಬನನ್ನು ಕಾಲು ಮುರಿಯುವಷ್ಟು ನಗಿಸಿದವನು ಯಾರಿದ್ದಾನೆ, ತೋರಿಸಿ. ಅದು ಯಾವ ಕಥೆ ಎಂದು ತಿಳಿಯದೆ ನನ್ನ ಎದೆ ಒಡೆಯುತ್ತಿತ್ತು. ತಿಳಿದರೆ ಮೂವರ ತಲೆಯೂ ಒಡೆಯುತ್ತಿತ್ತು.

ಮುಕ್ಕಣ್ಣ ಅದನ್ನು ಅರ್ಥ ಮಾಡಿಕೊಂಡ. ಕಥೆಯನ್ನು ಬಿಟ್ಟು ಅದರ ಸುತ್ತ ಹೇಳುತ್ತ ಹೋದ, ಬಳಸುದಾರಿ ಹಿಡಿದವನ ಹಾಗೆ.

"ಮೊದಲು ಹೊಕ್ಕುಳ ಹತ್ರ ಇರುವೆ ಹರಿದಂಗಾಯ್ತು."

"ಹೂಂ."

"ರೊಟ್ಟಿ ಬಾಯಿಗಿಟ್ಟು ಅದುಮಿದೆ. ನಿಲ್ಲಲಿಲ್ಲ. ಸತ್ತ ನಮ್ಮಪ್ಪನ್ನ ನೆನೆಸ್ಕೊಂಡೆ, ದುಃಖ ಬರ್ಲಿ ಅಂತ."

"ಹೂಂ."

"ಅಪ್ಪನೂ ನಗ್ತಾ ಬಂದ."

"ಹೂಂ."

"ಮೇಲೆ ಬಂಡೆ ನೋಡಿದೆ. ಅದೂ ಯಾಕೋ ಹೊಟ್ಟೆ ಹಿಡ್ಕೊಂಡಂಗೆ ಕಾಣಿಸ್ತು. ಹೋಗ್ಲಿ ಬಿಡು ಅಂತ ನಕ್ಕುಬಿಟ್ಟೆ. ಜೋರಾಗಿ. ನನ್ನ ನಗು ನಾನೇ ಕೇಳಿರಲಿಲ್ಲ. ಹಿಂಗಿರ್ತೈತಾ ಅಂತ ಇನ್ನೊಂದು ಸಲ ನಕ್ಕೆ."

ಕತ್ತಲು ಕವಿಯುತ್ತಿತ್ತು. ಅವನ ಮಾತುಗಳ ನಡುವಿನ ಬಿಡುವು ಉದ್ದವಾಗುತ್ತ ಬಂತು. ಪ್ರತಿ ಬಿಡುವಿಗೂ ಕಲ್ಲು ಒಂದು ಸಲ ನಡುಗುತ್ತಿತ್ತು, ಪ್ರತಿ ಬಿಡುವಿಗೂ ನಾನು ಹೂಂ, ಹೂಂ ಎಂದು ಅವನನ್ನು ಹಗ್ಗ ಹಾಕಿ ಎಳೆಯುತ್ತಿದ್ದೆ. ಆಮೇಲೆ ಅವನ ಮಾತು ನಿಂತೇಬಿಟ್ಟಿತು. ಊರಿನ ಮೊದಲ ದೀಪ ಕೆಳಗೆ ಕಾಣುತ್ತಿತ್ತು.

"ಭಾವ," ಎಂದೆ. "ಕೆಳಗೆ ಇಳಿದ ಮೇಲೆ ಹೇಳ್ತೀಯಾ?"

ಮಾತಿಲ್ಲ. ಅಕ್ಕನ ಉಸಿರು ನಿಂತದ್ದು ನನಗೆ ಕೇಳಿಸಿತು, ಮೂಕಮೆಟ್ಟಿಲು ಕೊಟ್ಟ ಕಿವಿ ಇನ್ನೂ ಇತ್ತು. ನನ್ನ ಹಿಮ್ಮಡಿಯ ಕೆಳಗಿನ ಕಲ್ಲು ತಿರುಗಿತು.

"ಹೇಳ್ತೀಯಾ ಇಲ್ವಾ?"

"ಹೂಂ," ಎಂದ ಮುಕ್ಕಣ್ಣ.

ಆ ಒಂದು ಹೂಂ ಮೇಲೆ ನಾವು ಉಳಿದ ಇಳುಕಲನ್ನು ಇಳಿದೆವು. ಮಣ್ಣು ಸಿಕ್ಕಿದಾಗ ನನ್ನ ಕಾಲು ನಂಬಲಿಲ್ಲ, ಅದರ ಮೇಲೂ ಹೂಂ ಎನ್ನುತ್ತಲೇ ಹೋದೆನಂತೆ, ಬೊಮ್ಮಕ್ಕ ಬೆನ್ನಿಗೆ ಗುದ್ದಿ ನಿಲ್ಲಿಸಿದಳು. ಅವಳು ಮುಕ್ಕಣ್ಣನ ಮನೆಯೊಳಗೇ ಅವನನ್ನು ಮಲಗಿಸಿ, ಮೂಳೆ ಕೂಡಿಸಿ, ಪಟ್ಟಿ ಕಟ್ಟಿದಳು. ಅವನು ಕೂಗಿದ ಕೂಗಿಗೆ ಆ ಕೇರಿಯವರು ಕಿವಿ ಮುಚ್ಚಿಕೊಳ್ಳುವುದನ್ನು ಅಂದೇ ಕಲಿತರು. "ಕಾಲು ಉಳೀತು," ಎಂದು ಬೊಮ್ಮಕ್ಕ ಕೈ ತೊಳೆದುಕೊಂಡು ಹೋದಳು.

ನಾನು ಹೊರಗೆ ಹೊಸ್ತಿಲ ಪಕ್ಕ ನಿಂತಿದ್ದೆ. ಕಂಬಳಿಯನ್ನು ರಕ್ತ ಹೋಗಲೆಂದು ನೆನೆಹಾಕಿದ್ದರು. ಹೊಸ್ತಿಲ ಮೇಲೆ ಏನೂ ಇರಲಿಲ್ಲ. ಒಳಗೆ ಅಕ್ಕ ತಟ್ಟೆ ಇಡುವುದು ಕಾಣುತ್ತಿತ್ತು. ಸದ್ದಾಗದ ಹಾಗೆ ಇಟ್ಟಳು, ಎರಡು ತಟ್ಟೆ.

"ಭಾವ," ಎಂದೆ ಅಲ್ಲಿಂದಲೇ. "ಯಾವ ಕಥೆ?"

ಅವನು ತಲೆಯನ್ನು ಇತ್ತ ಹೊರಳಿಸಿದ. "'ನಮ್ಮ ಭಾವ ನಾನು ಬರೋದು ಕಂಡ್ರೆ ಬಾಗಿಲಿಗೆ ಏಳು ಅಗುಳಿ ಹಾಕ್ತಾನೆ, ಅದರ ಮೇಲೆ ಆನೆಕಾಲು ಗಾತ್ರದ ಬೀಗ ಜಡೀತಾನೆ, ಅದಕ್ಕೇ ಅಕ್ಕನ ಕೈ ಊಟ ನಂಗೆ ಇಲ್ಲ' ಅಂತ ಯಾರೋ ಯಾತ್ರೆಯವನಿಗೆ ಹೇಳಿದ್ಯಲ್ಲ."

"ಹೇಳಿರಬಹುದು."

"ಲೋ," ಎಂದ ಮುಕ್ಕಣ್ಣ, "ನಮ್ಮನೆಗೆ ಬಾಗಿಲೆಲ್ಲೈತೋ?"

ಹೇಳಿ ಪಕ್ಕೆ ಹಿಡಿದುಕೊಂಡ. ಅಕ್ಕ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳ ಗೆಣ್ಣಿನ ಗಾಯಕ್ಕೂ ಪಟ್ಟಿ ಕಟ್ಟಿತ್ತು. ಆ ಕೈಯ ಹಿಂದೆ ಅವನ ಭುಜ ಕುಲುಕುತ್ತಿತ್ತು.

ನಾನು ಹೊಸ್ತಿಲನ್ನು ನೋಡಿದೆ. ಜನ ಈಗ ಏನೇನೋ ಹೇಳುತ್ತಾರೆ, ಗಾದ್ರಪ್ಪ ತಲೆ ತಗ್ಗಿಸಿಕೊಂಡು ಸುಮ್ಮನೆ ಒಳಗೆ ನಡೆದುಹೋದ ಎನ್ನುತ್ತಾರೆ. ಅದನ್ನು ನಂಬಬೇಡಿ. ಏಳು ಅಗುಳಿಗಳನ್ನೂ ಒಂದೊಂದಾಗಿ ಮುರಿದೆ. ಆಮೇಲೆ ಆನೆಕಾಲು ಗಾತ್ರದ ಆ ಬೀಗ. ಅದನ್ನು ಬರಿಗೈಯಲ್ಲಿ ತಿರುಚಿ ಕಿತ್ತು ಬೀದಿಗೆ ಎಸೆದು, ಒಳಗೆ ಹೋಗಿ ಊಟಕ್ಕೆ ಕೂತೆ.